ಬಾಣಸಂದ್ರದ ತುಂಡು

ಸಿಟ್ಟು ಬಂದರೆ ಎಲ್ಲರಿಗೂ ಬಾಯಿ ತೆರೆಯುತ್ತದೆ, ಮೀನಾಕ್ಷಿಗೆ ಮುಚ್ಚಿಕೊಳ್ಳುತ್ತಿತ್ತು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವಳಿಗೆ ಎಂಟು ವರ್ಷವಾಗಿದ್ದಾಗ ಪಕ್ಕದ ಮನೆಯ ಹುಡುಗಿ ಅವಳ ಸ್ಲೇಟು ಒಡೆದು ಹಾಕಿದಳು. ಮೀನಾಕ್ಷಿ ಅಳಲಿಲ್ಲ, ಯಾರಿಗೂ ದೂರು ಹೇಳಲಿಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ದಿನ ಅದೇ ಹುಡುಗಿ ಭಾಷಣ ಸ್ಪರ್ಧೆಗೆಂದು ಬರೆದುಕೊಂಡಿದ್ದ ಹಾಳೆ ಗಾಳಿಗೆ ಹಾರಿ ಹಳಿಯ ಮೇಲೆ ಬಿತ್ತು. ಹುಡುಗಿ ಮನೆಯೆಲ್ಲ ಹುಡುಕುತ್ತಿದ್ದಳು. ಮೀನಾಕ್ಷಿ ಹಾಳೆಯನ್ನೂ ನೋಡಿದಳು, ದೂರದಲ್ಲಿ ಬರುತ್ತಿದ್ದ ಗೂಡ್ಸ್ ಗಾಡಿಯನ್ನೂ ನೋಡಿದಳು, ಸುಮ್ಮನೆ ನಿಂತಿದ್ದಳು.

ಅವಳ ತಾಯಿ ಮುನಿಯಮ್ಮನಿಗೆ ಇದು ಗೊತ್ತಾದದ್ದು ಬಹಳ ತಡವಾಗಿ. "ಈ ಹುಡುಗಿ ಬೈದ್ರೆ ಭಯ ಇಲ್ಲ ಕಣ್ರೀ, ಸುಮ್ಕಿದ್ರೆ ಭಯ" ಎಂದು ಗಂಡನ ಹತ್ತಿರ ಹೇಳಿದ್ದಳು. ಗಂಡ ಕೆಂಚಯ್ಯ ಅರಸೀಕೆರೆ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗಾಡಿಗಳನ್ನು ಈ ಹಳಿಯಿಂದ ಆ ಹಳಿಗೆ ತಿರುಗಿಸುವುದು ಅವನ ಕೆಲಸ. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವೆರಡರ ನಡುವೆ ರೈಲ್ವೆಯ ಕ್ಯಾಲೆಂಡರು. ಮಗಳಿಗೆ ಮಗ್ಗಿಗಿಂತ ಮೊದಲು ಅವನು ಬಾಯಿಪಾಠ ಮಾಡಿಸಿದ್ದು ಸ್ಟೇಷನ್ನುಗಳ ಹೆಸರು: ಅರಸೀಕೆರೆ, ತಿಪಟೂರು, ಬಾಣಸಂದ್ರ, ಅಮ್ಮಸಂದ್ರ, ನಿಟ್ಟೂರು, ಗುಬ್ಬಿ, ತುಮಕೂರು. ಈ ಪಾಠ ಮುಂದೆ ಅವಳಿಗೆ ಅನ್ನ ಕೊಟ್ಟಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಎರಡು ಸಾವಿರದ ಎರಡರಲ್ಲಿ ಮೀನಾಕ್ಷಿ ಪೇಟೆಬೀದಿಯ ಒಂದು ವಿಡಿಯೋ ಸ್ಟುಡಿಯೋಗೆ ಸೇರಿದಳು. ಯಜಮಾನ ಇಂದುಧರ, ತೆಂಗಿನ ವ್ಯಾಪಾರದ ಮನೆತನದವನು. ಕೊಬ್ಬರಿ ಮಂಡಿಯಲ್ಲಿ ಕೂತು ಬೇಜಾರಾಗಿ ಕ್ಯಾಮೆರಾ ಹಿಡಿದವನು. ಕೆಟ್ಟವನಲ್ಲ. ಆದರೆ ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೂ ಇಲ್ಲ ಎಂದು ನಂಬಿದ್ದ ಜಾತಿ. ಬೆಂಗಳೂರಿನ ಯಾವುದೋ ಎಡಿಟಿಂಗ್ ಅಂಗಡಿ ಮುಚ್ಚಿದಾಗ ಅಲ್ಲಿಂದ ಒಂದು ಹಳೆಯ ಮ್ಯಾಕ್ ಕಂಪ್ಯೂಟರ್ ತಂದಿಟ್ಟಿದ್ದ. ಮದುವೆ ವಿಡಿಯೋಗಳ ಕತ್ತರಿ ಕೆಲಸವೆಲ್ಲ ಅದರಲ್ಲಿ. ಸಿ.ಡಿ. ಬರೆಯುವುದು, ಹೆಸರು ಹಾಕುವುದು, ಹಾಸನದ ಕೇಬಲ್‌ನವರಿಗೆ ಕಳಿಸುವುದು ಮಾತ್ರ ಮುಂದಿನ ಕೋಣೆಯ ವಿಂಡೋಸ್ ಯಂತ್ರದಲ್ಲಿ. ಆ ಯಂತ್ರದ ಮುಂದೆ ಇಂದುಧರನೇ ಕೂರುತ್ತಿದ್ದ. ಮ್ಯಾಕ್ ಮುಟ್ಟುವ ಧೈರ್ಯ ಇದ್ದದ್ದು ಮೀನಾಕ್ಷಿ ಒಬ್ಬಳಿಗೆ.

ಎರಡು ಯಂತ್ರಗಳೂ ಒಂದೇ ಮನೆಯ ಇಬ್ಬರು ವಾರಗಿತ್ತಿಯರಿದ್ದ ಹಾಗೆ, ಒಬ್ಬಳ ಡಬ್ಬಿ ಇನ್ನೊಬ್ಬಳು ತೆರೆಯುತ್ತಿರಲಿಲ್ಲ. ಮ್ಯಾಕ್ ತನ್ನ ರೀತಿಯಲ್ಲಿ ಸಿದ್ಧಪಡಿಸಿಕೊಂಡ ಡಿಸ್ಕನ್ನು ವಿಂಡೋಸ್ ಓದುತ್ತಿರಲಿಲ್ಲ. ಎರಡೂ ಓದುವಂಥ ಡಿಸ್ಕ್ ಮಾಡಿಕೊಳ್ಳಬಹುದಿತ್ತು, ಆದರೆ ಅದಕ್ಕೊಂದು ಕಟ್ಟಳೆ: ಒಂದೊಂದು ಕಡತವೂ ನಾಲ್ಕು ಜಿ.ಬಿ. ಒಳಗೇ ಇರಬೇಕು. ಡಿಸ್ಕಿನಲ್ಲಿ ನೂರು ಜಿ.ಬಿ. ಜಾಗ ಖಾಲಿ ಇದ್ದರೂ ನಾಲ್ಕು ದಾಟಿದ ಕಡತ ಅದರೊಳಗೆ ಹಿಡಿಯದು. ಒಂದು ಗಂಟೆಯ ಮದುವೆಯೋ ಹದಿಮೂರು ಜಿ.ಬಿ. ಮೀನಾಕ್ಷಿ ಉಪಾಯ ಕಂಡುಕೊಂಡಳು. ಮದುವೆಯನ್ನು ಹದಿನೆಂಟು ಹದಿನೆಂಟು ನಿಮಿಷಕ್ಕೆ ಕತ್ತರಿಸಿ, ಒಂದೊಂದು ತುಂಡಿಗೂ ಅಪ್ಪ ಕಲಿಸಿದ ಸ್ಟೇಷನ್ನಿನ ಹೆಸರಿಟ್ಟು, ನೀಲಿ ಕವಚದ ಒಂದು ಡಿಸ್ಕಿಗೆ ಹಾಕಿ ಮುಂದಿನ ಕೋಣೆಗೆ ದಾಟಿಸುತ್ತಿದ್ದಳು. ಇಂದುಧರ ಅಲ್ಲಿ ಅವನ್ನು ಸಾಲಾಗಿ ಜೋಡಿಸಿಕೊಳ್ಳಬೇಕು. ಒಂದು ಸಲ ಅವನು ವಿಂಡೋಸ್ ತೋರಿಸಿದ ಅಕ್ಷರಮಾಲೆಯ ಪ್ರಕಾರವೇ ಜೋಡಿಸಿ ಅಮ್ಮಸಂದ್ರವನ್ನು ಅರಸೀಕೆರೆಗಿಂತ ಮೊದಲು ಇಟ್ಟ. ಕಣಕಟ್ಟೆಯ ಒಂದು ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಟ್ಟು ಎಲ್ಲರೂ ಅತ್ತಾದ ಮೇಲೆ ಬೀಗರು ಬಸ್ಸಿಳಿದರು.

"ಒಂದು ಎರಡು ಅಂತ ನಂಬರ್ ಹಾಕಕ್ಕೆ ಏನಮ್ಮ ರೋಗ ನಿಂಗೆ?" ಎಂದು ಇಂದುಧರ ಕೂಗಾಡಿದ.

"ಅರಸೀಕೆರೆಯೋರಾಗಿ ತಿಪಟೂರು ಎತ್ಲಾಗೈತೆ ಅಂತ ಗೊತ್ತಿಲ್ವಾ ಸಾರ್?" ಎಂದಳು ಮೀನಾಕ್ಷಿ. ಆ ದಿನಗಳಲ್ಲಿ ಅವಳು ಅವನೊಡನೆ ಮಾತಾಡುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ಅವಳ ಅಜ್ಜಿ ಗಿಡ್ಡಮ್ಮನಿಗೆ ಕಾಯಿಲೆಯಾಯಿತು. ಕೆಂಚಯ್ಯನ ತಾಯಿ. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿ ಐವತ್ತು ವರ್ಷ ಸೂಲಗಿತ್ತಿ ಕೆಲಸ ಮಾಡಿದವಳು. ಅವಳ ಹತ್ತಿರ ಹಾಡುಗಳಿದ್ದವು. ಅದರಲ್ಲೂ ಒಂದು ಹಾಡು ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಹೆರಿಗೆ ಕಷ್ಟವಾಗಿ ಕೂಸು ದಾರಿಯಲ್ಲೇ ನಿಂತುಬಿಟ್ಟಾಗ ಬಸುರಿಯ ಬೆನ್ನು ನೀವುತ್ತಾ, ಹೊಟ್ಟೆಯೊಳಗಿನ ಕೂಸನ್ನೇ ಕರೆಯುವ ಹಾಡು. "ಬಾಗ್ಲಾಗೆ ನಿಂತೋನೆ ಬಾರಪ್ಪ ಬಾರೋ" ಎಂದು ಶುರುವಾಗುತ್ತಿತ್ತು. ಗಿಡ್ಡಮ್ಮನಿಗೆ ಅವಳ ತಾಯಿ ಕೊಟ್ಟದ್ದು. ಮುನಿಯಮ್ಮ ಕಲಿಯಲಿಲ್ಲ, ಮೀನಾಕ್ಷಿಗೆ ಮೊದಲ ಸಾಲು ಬಿಟ್ಟು ಏನೂ ಬಾರದು.

ಒಂದು ಭಾನುವಾರ ಇಂದುಧರನನ್ನು ಕೇಳಿ ಸ್ಟುಡಿಯೋದ ಕ್ಯಾಮೆರಾ ತೆಗೆದುಕೊಂಡು ಹೋಗಿ ಮೀನಾಕ್ಷಿ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ ಮೂರು ಗಂಟೆ ಹಾಡಿಸಿದಳು. ಸ್ಟುಡಿಯೋದಲ್ಲಿ ಒಂದೇ ಕ್ಯಾಸೆಟ್ಟಿನ ಮೇಲೆ ಹಳೆಯದನ್ನು ಅಳಿಸಿ ಅಳಿಸಿ ಆರೇಳು ಮದುವೆ ಹತ್ತಿಸುವ ಪದ್ಧತಿ. ಆದ್ದರಿಂದ ಮಾರನೇ ದಿನವೇ ಎಲ್ಲವನ್ನೂ ಮ್ಯಾಕ್‌ನ ಒಂದು ಡಿಸ್ಕಿಗೆ ಇಳಿಸಿ, ಮೇಲೆ ಕಾಗದ ಅಂಟಿಸಿ "ಅಜ್ಜಿ" ಎಂದು ಬರೆದಿಟ್ಟಳು. ಬಿಡುವಾದಾಗ ತುಂಡು ಮಾಡಿ ಸಿ.ಡಿ.ಗೆ ಹಾಕಿದರಾಯಿತು ಎಂದುಕೊಂಡಳು. ಮೂರು ವಾರಕ್ಕೆ ಗಿಡ್ಡಮ್ಮ ತೀರಿಕೊಂಡಳು.

ಮಣ್ಣು ಮುಗಿಸಿ, ಹನ್ನೊಂದು ದಿನ ಬಿಟ್ಟು ಕೆಲಸಕ್ಕೆ ಬಂದರೆ ಡಿಸ್ಕಿನ ಮೇಲಿನ ಕಾಗದ ಹೋಗಿ "ಬೇಲೂರು–ಹಳೇಬೀಡು" ಎಂಬ ಹೊಸ ಕಾಗದ ಬಂದಿತ್ತು. ಪ್ರವಾಸಿಗಳಿಗೆ ಮಾರುವ ಒಂದು ಸಿ.ಡಿ. ಮಾಡಲು ಇಂದುಧರ ಶಿಲ್ಪಗಳನ್ನೆಲ್ಲ ಚಿತ್ರಿಸಿಕೊಂಡು ಬಂದಿದ್ದ. ಜಾಗ ಸಾಲಲಿಲ್ಲ. ಕೈಗೆ ಸಿಕ್ಕ ಡಿಸ್ಕನ್ನು ವಿಂಡೋಸ್‌ಗೆ ಚುಚ್ಚಿದ. ಮ್ಯಾಕ್‌ನ ಡಿಸ್ಕು, ವಿಂಡೋಸ್‌ಗೆ ಅರ್ಥವಾಗಲಿಲ್ಲ. ಅರ್ಥವಾಗದ ಡಿಸ್ಕು ಬಂದರೆ ಅದು ಕೇಳುವುದು ಒಂದೇ ಮಾತು: ಇದು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ? ಅಂದರೆ ಒಳಗಿರುವುದನ್ನೆಲ್ಲ ಗುಡಿಸಿ ಹೊಸದಾಗಿ ಸಾರಿಸಿಬಿಡಲೇ ಎಂದು.

"ಅದೇನೋ ಕೇಳ್ತು ಕಣಮ್ಮ, ನಾನು ಯೆಸ್ ಅಂದೆ. ತೆಗೆದು ನೋಡಿದ್ರೆ ಖಾಲಿ ಇತ್ತು. ನೀನೆಲ್ಲೋ ಸರಿಯಾಗಿ ಹಾಕಿರಲಿಲ್ಲ ಅಂತ ಕಾಣ್ತದೆ" ಎಂದ ಇಂದುಧರ. ಅವಳ ಮುಖ ನೋಡಿ ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದ: "ಮುದುಕಿ ಹಾಡು ತಾನೆ, ಅದೇನು ಮಹಾ ಬಿಡು."

ಬೇರೆಯವರಾಗಿದ್ದರೆ ಅಲ್ಲೇ ಜುಟ್ಟು ಹಿಡಿಯುತ್ತಿದ್ದರು. ಆ ಪ್ರಶ್ನೆಗೆ ಯೆಸ್ ಎಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತಿದ್ದರು. ಹೇಳಿದ್ದರೆ ಅವನಿಗೆ ಜನ್ಮಕ್ಕೆ ಬುದ್ಧಿ ಬರುತ್ತಿತ್ತೋ ಏನೋ. ಮೀನಾಕ್ಷಿ ಹೇಳಲಿಲ್ಲ. ಅವಳ ಬಾಯಿ ಮುಚ್ಚಿಕೊಂಡಿತು. ಐವತ್ತು ವರ್ಷ ಹೆಂಗಸರ ಬೆನ್ನು ನೀವಿದ ಒಂದು ದನಿಯನ್ನು ಕಲ್ಲಿನ ಹೆಂಗಸರಿಗೆ ಜಾಗ ಮಾಡಲು ಅಳಿಸಿದನಲ್ಲ. ಅಳಿಸಿದ್ದು ಅವನಿಗೆ ಗೊತ್ತೂ ಇಲ್ಲವಲ್ಲ. ಅವನಿಗೂ ಹೀಗೇ ಆಗಬೇಕು ಎಂದುಕೊಂಡಳು. ಇಂಥದ್ದೇ ಡಿಸ್ಕು, ಇಂಥದ್ದೇ ಪ್ರಶ್ನೆ, ಅವನದೇ ಬೆರಳು.

ಕೆಲಸ ಬಿಡಲಿಲ್ಲ. ಕಾಯುವವರು ಬಾಗಿಲು ಬಿಟ್ಟು ಹೋಗುವುದಿಲ್ಲ. ಎರಡು ವರ್ಷ ಅವಳು ಇಂದುಧರನಿಗೆ "ಹೂಂ ಸಾರ್", "ಆಯ್ತು ಸಾರ್" ಬಿಟ್ಟು ಮೂರನೆಯ ಮಾತು ಆಡಲಿಲ್ಲ. ಹುಡುಗಿ ಗಂಭೀರವಾಗಿದ್ದಾಳೆ, ಕೆಲಸ ಕಲಿತಳು ಎಂದು ಅವನು ಹೆಮ್ಮೆಪಟ್ಟ.

ಎರಡು ಸಾವಿರದ ಆರರಲ್ಲಿ ಅವನ ತಾಯಿ ಕಮಲಾಕ್ಷಮ್ಮನಿಗೆ ಎಪ್ಪತ್ತು ತುಂಬಿತು. ತಾಯಿಯ ಬಗ್ಗೆ ಒಂದು ಚಿತ್ರ ಮಾಡಿಸಿ ನೆಂಟರಿಗೆಲ್ಲ ತೋರಿಸಬೇಕೆಂದು ಇಂದುಧರನಿಗೆ ಆಸೆ. ಅವನಿಗೆ ತಾಯಿ ಎಂದರೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಚಿತ್ರಿಸುವವಳು ಮೀನಾಕ್ಷಿ. ಅರಸೀಕೆರೆಯ ಮನೆಯಲ್ಲಿ ಒಂದಿಷ್ಟು, ಮಾಲೇಕಲ್ಲು ಬೆಟ್ಟದ ಮೆಟ್ಟಿಲ ಬುಡದಲ್ಲಿ ಒಂದಿಷ್ಟು, ಹಳೇಬೀಡಿನ ಗುಡಿಯ ಹುಲ್ಲುಹಾಸಿನ ಮೇಲೆ ಒಂದಿಷ್ಟು ಮಾತಾಡಿಸಿದ್ದಾಯಿತು. ಕಮಲಾಕ್ಷಮ್ಮ ಬಾಯಿತುಂಬ ಮಾತಾಡುವ ಹೆಂಗಸು. ಮೀನಾಕ್ಷಿಗೂ ಪ್ರೀತಿಯಿಂದಲೇ ಕಾಫಿ ಕೊಡಿಸುತ್ತಿದ್ದಳು, ಆದರೆ ಆ ಲೋಟ ಮಾತ್ರ ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಬೋರಲು ಬಿದ್ದಿರುತ್ತಿತ್ತು.

ಕೊನೆಗೆ ಅವಳು "ನಮ್ಮ ತವರುಮನೇಗೆ ಕರ್ಕೊಂಡ್ಹೋಗ್ರೋ, ನಮ್ಮ ಇಂದು ಹುಟ್ಟಿದ ಕೋಣೆ ತೋರಿಸ್ತೀನಿ" ಎಂದಳು. ತವರು ಎಲ್ಲಿ ಎಂದರೆ ಗೆಂಡೆಹಳ್ಳಿ.

ಇಂದುಧರ ಕಾರಿನ ಹತ್ತಿರ ಫೋನಿನಲ್ಲಿ ಮಾತಾಡುತ್ತಾ ನಿಂತ. ಒಳಗೆ ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಕಮಲಾಕ್ಷಮ್ಮ ಹಳೆಯ ಮಂಚದ ಮೇಲೆ ಕೂತು, ಕ್ಯಾಮೆರಾ ಕಡೆ ನೋಡಿಕೊಂಡು, ಮದುವೆಯಾದದ್ದರಿಂದ ಶುರುಮಾಡಿ ಚೊಚ್ಚಲ ಬಸುರಿಗೆ ಬಂದಳು.

"ಎರಡು ದಿನ ನೋವು ತಿಂದೆ ಕಣಮ್ಮ. ಕೂಸು ಬರಲೇ ಇಲ್ಲ. ನಮ್ಮಪ್ಪ ಗಾಡಿ ಕಟ್ಸಿ ಬೇಲೂರಿಗೆ ಒಯ್ಯನಾ ಅಂದ್ರು. ಅಷ್ಟ್ರಲ್ಲಿ ಗಿಡ್ಡಮ್ಮ ಬಂದ್ಲು. ನಮ್ಮೂರ ಸೂಲಗಿತ್ತಿ. ಅವಳಿಲ್ದಿದ್ರೆ ನಮ್ಮ ಇಂದೂನೂ ಇಲ್ಲ, ನಾನೂ ಇಲ್ಲ. ಕೂಸಿನ ಕೊರಳಿಗೆ ಕರುಳುಬಳ್ಳಿ ಸುತ್ಕೊಂಡಿತ್ತು, ಬಿಡಿಸಿದೋಳು ಅವಳೇ. ಎಲ್ಲಾ ಆದ್ಮೇಲೆ, ಪಾಪ, ಹೊಸಲಿನಾಚೆ ನಿಂತ್ಕೊಂಡು ಮಡ್ಲಿಗೆ ಅಕ್ಕಿ ಹಾಕಿಸ್ಕೊಂಡು ಹೋದ್ಲು. ಅವತ್ತು ನನ್ನ ಬೆನ್ನು ನೀವ್ತಾ ಒಂದು ಹಾಡು ಹೇಳಿದ್ಲು. ನಾನು ಕಲ್ತ್ಕೊಂಡುಬಿಟ್ಟೆ. ಹಿಂಗೆ..." ಎಂದು ಕಣ್ಣು ಮುಚ್ಚಿ ಹಾಡತೊಡಗಿದಳು.

"ಬಾಗ್ಲಾಗೆ ನಿಂತೋನೆ ಬಾರಪ್ಪ ಬಾರೋ..."

ಮೀನಾಕ್ಷಿ ಕ್ಯಾಮೆರಾವನ್ನು ಅವಳ ಮುಖದ ಹತ್ತಿರಕ್ಕೆ ತಂದಳು. ಅಜ್ಜಿ ಎದ್ದು ಬಂದಂತೆ ಆಯಿತು. ಮೂರೂವರೆ ನಿಮಿಷ, ನಾಲ್ಕು ನುಡಿ, ಒಂದು ಅಕ್ಷರ ತಪ್ಪದೆ ಆ ಹೆಂಗಸು ಹಾಡಿದಳು. ಮುಗಿಸಿ, "ನೀನೂ ಈ ಕಡೆಯೋಳೇ ಅಲ್ವೇನಮ್ಮ? ಗಿಡ್ಡಮ್ಮನ್ನ ಬಲ್ಲೆಯಾ?" ಎಂದು ಕೇಳಿದಳು.

ಮೀನಾಕ್ಷಿ ಕ್ಯಾಮೆರಾ ಮಡಚತೊಡಗಿದಳು. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ವಿಚಾರ. ಯಾರ ಕೈ ಇವನನ್ನು ಕೊರಳು ಬಿಗಿದು ಸಾಯದಂತೆ ಲೋಕಕ್ಕೆ ಎಳೆದು ತಂದಿತೋ ಆ ಕೈಯವಳನ್ನೇ ಇವನು ಒಂದು ಬೆರಳಿನಲ್ಲಿ ಅಳಿಸಿದ. ಮೊದಲು ಸಿಟ್ಟಿತ್ತು, ಈಗ ಅದಕ್ಕೆ ಬಡ್ಡಿಯೂ ಸೇರಿತು.

ಆ ಚಿತ್ರ ಒಟ್ಟು ಎರಡು ಗಂಟೆಯಾಯಿತು. ಮೀನಾಕ್ಷಿ ಏಳು ತುಂಡು ಮಾಡಿದಳು, ಅರಸೀಕೆರೆಯಿಂದ ತುಮಕೂರಿನವರೆಗೆ. ಗೆಂಡೆಹಳ್ಳಿಯ ಕೋಣೆ ಮೂರನೆಯದು, ಬಾಣಸಂದ್ರ. ಆರು ತುಂಡುಗಳನ್ನು ಕಟ್ಟಳೆಯಂತೆ ನಾಲ್ಕು ಜಿ.ಬಿ. ಒಳಗೆ ಕತ್ತರಿಸಿದಳು. ಬಾಣಸಂದ್ರದಲ್ಲಿ ಮಾತ್ರ ಹದಿನೆಂಟನೆಯ ನಿಮಿಷಕ್ಕೆ ಕತ್ತರಿ ಹಾಕಬೇಕೆಂದರೆ ಸರಿಯಾಗಿ ಹಾಡು ಶುರುವಾಗುವ ಹೊತ್ತು. ಮಾತಿನಿಂದ ಹಾಡನ್ನು ಬೇರೆ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಇಪ್ಪತ್ತೆರಡು ನಿಮಿಷವೂ ಒಂದೇ ಇರಲಿ, ಮ್ಯಾಕ್ ಡಿಸ್ಕಿನಲ್ಲೇ ಇರುತ್ತದಲ್ಲ, ದಾಟಿಸುವ ದಿನ ನೋಡಿಕೊಂಡರಾಯಿತು ಎಂದು ಬಿಟ್ಟಳು. ಹುಟ್ಟುಹಬ್ಬಕ್ಕೆ ಇಂದುಧರ ಅರ್ಧ ಗಂಟೆಯ ಸಿ.ಡಿ. ಸಾಕೆಂದ. ನಗುವುದು, ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದು ಅಷ್ಟೇ ಅದರಲ್ಲಿ ಹೋಯಿತು. ಪೂರ್ತಿ ಚಿತ್ರವನ್ನು ಅವನು ನೋಡಲೇ ಇಲ್ಲ. ಅವ್ವ ಎದುರಿಗೇ ಇರುವಾಗ ಅವ್ವನ ವಿಡಿಯೋ ಯಾರು ನೋಡುತ್ತಾರೆ?

ಮರುವರ್ಷ ಯುಗಾದಿಯ ಹಿಂದೆಯೇ ಕಮಲಾಕ್ಷಮ್ಮ ತೀರಿಕೊಂಡಳು. ಇಂದುಧರ ಹದಿನೈದು ದಿನ ಸ್ಟುಡಿಯೋ ಕಡೆ ಬರಲಿಲ್ಲ. ಬಂದ ದಿನ ಮಧ್ಯಾಹ್ನ ಮೀನಾಕ್ಷಿಯ ಮೇಜಿನ ಹತ್ತಿರ ನಿಂತು, "ಅವ್ವನ ಡಿಸ್ಕು ತೆಗೆದಿಡಮ್ಮ, ನಾಲ್ಕು ಗಂಟೆಗೆ ಬತ್ತೀನಿ. ಪೂರ್ತಿ ನೋಡ್ಬೇಕು ಅನ್ನಿಸ್ತಾ ಐತೆ" ಎಂದ. ಕಣ್ಣು ಊದಿಕೊಂಡಿದ್ದವು.

"ಹೂಂ ಸಾರ್" ಎಂದಳು ಮೀನಾಕ್ಷಿ.

ಮೂರು ವರ್ಷ ಅವಳು ಕಾದಿದ್ದ ಹಾಳೆ ಹಳಿಯ ಮೇಲೆ ಬಿದ್ದಿತ್ತು. ಅವಳು ಅಲ್ಲಾಡಲಿಲ್ಲ. ಮೊದಲು ತನ್ನ ನೀಲಿ ಡಿಸ್ಕನ್ನು ಮ್ಯಾಕ್‌ಗೆ ಚುಚ್ಚಿ ಏಳೂ ತುಂಡುಗಳನ್ನು ಅದಕ್ಕೆ ಇಳಿಸತೊಡಗಿದಳು. ಅವನಿಗೆ ಇಲ್ಲದಂತಾಗಬೇಕು, ತನಗೆ ಇರಬೇಕು. ಅರಸೀಕೆರೆ ಹೋಯಿತು, ತಿಪಟೂರು ಹೋಯಿತು. ಅವಳ ಕಣ್ಣು ಪರದೆಯ ಮೇಲಿರಲಿಲ್ಲ, ಬಾಗಿಲ ಮೇಲಿತ್ತು. ಅವನು ಬೇಗ ಬಂದುಬಿಟ್ಟರೆ? ನಡುವೆ ಯಂತ್ರ ಟಣ್ ಎಂದು ಏನೋ ಹೇಳಿತು, ಒಂದು ಚೌಕ ಎದ್ದು ನಿಂತಿತು. ಓಕೆ ಒತ್ತಿದಳು. ಮಿಕ್ಕವು ಹೋದವು. ಕೊನೆಗೆ ಏಳು ಹೆಸರೂ ಇವೆಯೇ ನೋಡಿಕೊಂಡಳು, ಇದ್ದವು. ಬಾಣಸಂದ್ರ ತೆರೆದು ಎರಡು ನಿಮಿಷ ನೋಡಿದಳು, ಕಮಲಾಕ್ಷಮ್ಮ ಮಂಚದ ಮೇಲೆ ಕೂತು ಮಾತಾಡುತ್ತಿದ್ದಳು. ಮುಚ್ಚಿ, ನೀಲಿ ಡಿಸ್ಕನ್ನು ಊಟದ ಚೀಲಕ್ಕೆ ಹಾಕಿಕೊಂಡಳು.

ನಾಲ್ಕು ಗಂಟೆಗೆ ಇಂದುಧರ ಬಂದ. ಅವಳು ಮ್ಯಾಕ್ ಡಿಸ್ಕನ್ನು ಅವನ ಕೈಗೆ ಕೊಟ್ಟಳು. ಒಂದು ಮಾತು ಹೇಳಬೇಕಿತ್ತು. "ನಿಮ್ಮ ಯಂತ್ರಕ್ಕೆ ಹಾಕಬೇಡಿ" ಎಂಬ ಮೂರು ಶಬ್ದ. ಹೇಳಲಿಲ್ಲ. ಅವನು ಮುಂದಿನ ಕೋಣೆಗೆ ಹೋದದ್ದು, ಕುರ್ಚಿ ಎಳೆದುಕೊಂಡದ್ದು, ಮೌಸಿನ ಚಿಟಿಕೆ ಸದ್ದು, ಎಲ್ಲವನ್ನೂ ಕೂತಲ್ಲೇ ಕೇಳಿಸಿಕೊಂಡಳು. ಬಹಳ ದಿನದ ಮೇಲೆ ಅವಳಿಗೆ ಹಸಿವಾಯಿತು.

ಮಾರನೆಯ ಬೆಳಿಗ್ಗೆ ಇಂದುಧರ ಡಿಸ್ಕ್ ಹಿಡಿದುಕೊಂಡು ಬಂದ. "ಖಾಲಿ ಡಿಸ್ಕು ಕೊಟ್ಟಿದ್ದೀಯಲ್ಲಮ್ಮ. ಹೆಂಗೂ ಖಾಲಿ ಐತೆ ಅಂತ ಬಾಣಾವರದ ಮದುವೆ ಅದಕ್ಕೆ ತುಂಬ್ಸಿದೆ. ಅವ್ವಂದು ಕೊಡು."

"ಅದೇ ಅವ್ವಂದು" ಎಂದಳು ಮೀನಾಕ್ಷಿ.

ಅವನಿಗೆ ಅರ್ಥವಾಗಲಿಲ್ಲ. ನಗಲು ನೋಡಿದ. ಅವಳು ಮೂರು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು. "ಅದು ಏನೋ ಕೇಳ್ತು. ನೀವು ಯೆಸ್ ಅಂದ್ರಿ. ಹೋಯ್ತು. ನಮ್ಮಜ್ಜೀದೂ ಹಂಗೇ ಹೋಗಿದ್ದು. ಮುದುಕಿ ಮಾತು ತಾನೆ ಸಾರ್, ಅದೇನು ಮಹಾ ಬಿಡಿ."

ಇಂದುಧರ ಅಲ್ಲೇ ಇದ್ದ ಲೈಟಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಐವತ್ತೊಂದು ವರ್ಷದ ಗಂಡಸು ಅವ್ವಾ ಎಂದು ಜೋರಾಗಿ ಅತ್ತ. ಮೀನಾಕ್ಷಿ ಊಟದ ಚೀಲ ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದಳು. ಸಂತೋಷವಾಯಿತೇ ಎಂದರೆ, ಆಯಿತು. ಸುಳ್ಳು ಯಾಕೆ ಹೇಳಬೇಕು? ಸ್ಟೇಷನ್ನಿನ ಹತ್ತಿರ ನಿಂತು ಎರಡು ಮಸಾಲೆ ದೋಸೆ ತಿಂದಳು.

ವಾರ ಕಳೆದ ಮೇಲೆ ಇಂದುಧರನ ಹೆಂಡತಿ ಹೇಮಲತಾ ಕ್ವಾರ್ಟರ್ಸಿಗೆ ಹುಡುಕಿಕೊಂಡು ಬಂದಳು. "ನಿನ್ನ ಹತ್ರ ಇನ್ನೊಂದು ಇರ್ತದೆ ಅಂತ ಇವ್ರಿಗೆ ನಂಬಿಕೆ. ಊಟ ಬಿಟ್ಟವ್ರೆ ಕಣಮ್ಮ" ಎಂದು ಕೈಮುಗಿದಳು. ಕೆಂಚಯ್ಯ ಮಗಳನ್ನು ನೋಡಿದ. "ಸತ್ತೋರ ಮಾತು ಹಿಡಿದಿಟ್ಕೋಬಾರದು ಕಣವ್ವ, ಕೊಟ್ಟುಬಿಡು" ಎಂದ. ಮೀನಾಕ್ಷಿ ಎರಡು ದಿನ ತೆಗೆದುಕೊಂಡು ಆರು ತುಂಡುಗಳನ್ನು ಆರು ಡಿ.ವಿ.ಡಿ.ಗೆ ಹಾಕಿ ಕಳಿಸಿದಳು. ಜೊತೆಗೆ ಒಂದು ಚೀಟಿ: ಬಾಣಸಂದ್ರ ಕೊಡುವುದಿಲ್ಲ, ಅದು ನಮ್ಮ ಅಜ್ಜಿಯದು.

ಚೀಟಿಯ ಅರ್ಥ ಇಂದುಧರನಿಗೆ ಆಗಲಿಲ್ಲ, ಆದರೆ ತಿಪಟೂರು ಬಿಟ್ಟ ಗಾಡಿ ಬಾಣಸಂದ್ರದಲ್ಲಿ ನಿಲ್ಲದೆ ಅಮ್ಮಸಂದ್ರಕ್ಕೆ ಹೋಯಿತು ಎಂಬುದು ಅರ್ಥವಾಯಿತು. ತಿಪಟೂರಿನ ಕೊನೆಯಲ್ಲಿ ಅವನ ತಾಯಿ "ಬಾ, ನಮ್ಮ ಇಂದು ಹುಟ್ಟಿದ ಕೋಣೆ ತೋರಿಸ್ತೀನಿ" ಎಂದು ಎದ್ದು ಒಳಕ್ಕೆ ಹೋಗುತ್ತಾಳೆ. ಅಮ್ಮಸಂದ್ರದ ಮೊದಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬರುತ್ತಾಳೆ. ಒಳಗೆ ತನ್ನ ಬಗ್ಗೆ ಏನು ಹೇಳಿದಳು, ಯಾಕೆ ಅತ್ತಳು? ಅದೊಂದು ಅವನನ್ನು ತಿನ್ನತೊಡಗಿತು.

ಮೀನಾಕ್ಷಿ ಸ್ಟೇಷನ್ ರಸ್ತೆಯಲ್ಲಿ ಸಣ್ಣ ಅಂಗಡಿ ಹಾಕಿದಳು. ಹಳೆಯ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಇಳಿಸುವುದು, ಒಂದು ಯಂತ್ರದ ಕಡತ ಇನ್ನೊಂದಕ್ಕೆ ದಾಟಿಸಿಕೊಡುವುದು. ಬೇಲೂರು, ಹಾಸನದಿಂದೆಲ್ಲ ಜನ ಬರುತ್ತಿದ್ದರು. ಬಂದವರಿಗೆಲ್ಲ ಅವಳ ಪಾಠ ಒಂದೇ: ಯಂತ್ರ ಏನಾದರೂ ಕೇಳಿದರೆ ಓದದೆ ಒತ್ತಬೇಡಿ. ನೀಲಿ ಡಿಸ್ಕು ಕ್ವಾರ್ಟರ್ಸಿನಲ್ಲಿ ಅಜ್ಜಿಯ ಸೀರೆಯ ಕೆಳಗೆ ಟ್ರಂಕಿನಲ್ಲಿತ್ತು. ಅವಳು ಅದನ್ನು ತೆರೆದು ನೋಡುತ್ತಿರಲಿಲ್ಲ. ನೋಡಬೇಕೆಂದರೆ ಹಾಡಿಗೆ ಮೊದಲು ಹದಿನೆಂಟು ನಿಮಿಷ ಆ ಮನೆಯವಳ ಮುಖ ನೋಡಬೇಕು. ಅಲ್ಲದೆ ಅದು ಇದೆ ಎಂಬುದೇ, ಅವನಿಗೆ ಇಲ್ಲ ಎಂಬುದೇ ಅವಳಿಗೆ ಸಾಕಾಗಿತ್ತು. ವರ್ಷಕ್ಕೊಮ್ಮೆ ತಾಯಿಯ ತಿಥಿ ಹತ್ತಿರ ಬಂದಾಗ ಇಂದುಧರ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದ. "ಕೊಡಲ್ಲ" ಎನ್ನುತ್ತಿದ್ದಳು. ಹೋಗುತ್ತಿದ್ದ. ಆ ಒಂದು ದಿನಕ್ಕಾಗಿ ಅವಳು ವರ್ಷವೆಲ್ಲ ಕಾಯುತ್ತಿದ್ದಳೋ ಏನೋ.

ಎರಡು ಸಾವಿರದ ಹನ್ನೊಂದರಲ್ಲಿ ಅವನು ಅಂಗಡಿಗೆ ಬರಲಿಲ್ಲ, ಭಾನುವಾರ ಬೆಳಿಗ್ಗೆ ಮನೆಗೇ ಬಂದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ.

"ಕೊಡಬೇಡ ಕಣಮ್ಮ, ನೀನೇ ಇಟ್ಕೋ" ಎಂದ. "ಒಂದ್ಸಲ ಹಾಕಿ ತೋರಿಸು. ಒಳಗೂ ಬರಲ್ಲ. ಇಲ್ಲೇ ಬಾಗಿಲಲ್ಲಿ ನಿಂತು ನೋಡಿ ಹೋಗ್ತೀನಿ."

ಕೆಂಚಯ್ಯ ಎದ್ದು ಕುರ್ಚಿ ತಂದು ಹೊಸ್ತಿಲ ಒಳಗೆ ಹಾಕಿದ. "ನಮ್ಮ ಮನೇಲಿ 'ಬಾಗಿಲಾಚೆ' ಅನ್ನೋದಿಲ್ಲ ಸ್ವಾಮಿ, ಕೂತ್ಕಳಿ" ಎಂದ. ಮೀನಾಕ್ಷಿ ಯೋಚಿಸಿದಳು. ತೋರಿಸಿದರೆ ಅವನಿಗೆ ಗೊತ್ತಾಗುತ್ತದೆ, ತಾನು ಅಳಿಸಿದ್ದು ಯಾರನ್ನು ಎಂದು. ಆ ಮುಖ ನೋಡಬೇಕು ಎನ್ನಿಸಿತು. ಟ್ರಂಕ್ ತೆಗೆದು ನೀಲಿ ಡಿಸ್ಕನ್ನು ಮನೆಯ ಕಂಪ್ಯೂಟರಿಗೆ ಚುಚ್ಚಿದಳು.

ಮೂವರೂ ಕೂತು ನೋಡಿದರು. ಕಮಲಾಕ್ಷಮ್ಮ ಮಾತಾಡಿದಳು, ಇಂದುಧರ ಕುರ್ಚಿಯ ಅಂಚಿಗೆ ಸರಿದು ಕೇಳಿದ. ಎರಡು ದಿನದ ನೋವು ಬಂತು, ಗಾಡಿ ಬಂತು, ಗಿಡ್ಡಮ್ಮ ಬಂದಳು, ಕೂಸಿನ ಕೊರಳಿನ ಕರುಳುಬಳ್ಳಿ ಬಿಡಿಸಿದಳು.

"ಯಾರು ಈ ಗಿಡ್ಡಮ್ಮ?" ಎಂದು ಇಂದುಧರ ಕೇಳಿದ.

"ನೀವು ಯೆಸ್ ಅಂದು ಅಳಿಸಿದ್ರಲ್ಲ, ಆ ಮುದುಕಿ" ಎಂದಳು ಮೀನಾಕ್ಷಿ.

ಅವನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಮೀನಾಕ್ಷಿ ಬಯಸಿದ್ದು ಇದನ್ನೇ, ಸಿಕ್ಕಿತು. ಪರದೆಯ ಮೇಲೆ ಅವನ ತಾಯಿ ಹೊಸ್ತಿಲು, ಅಕ್ಕಿ, ಎಲ್ಲ ಹೇಳಿ ಮುಗಿಸಿ, "ಅವತ್ತು ನನ್ನ ಬೆನ್ನು ನೀವ್ತಾ ಒಂದು ಹಾಡು ಹೇಳಿದ್ಲು. ನಾನು ಕಲ್ತ್ಕೊಂಡುಬಿಟ್ಟೆ. ಹಿಂಗೆ..." ಎಂದು ಕಣ್ಣು ಮುಚ್ಚಿದಳು. ತುಟಿ ತೆರೆದಳು.

ಚಿತ್ರ ನಿಂತಿತು.

ಮೀನಾಕ್ಷಿ ಮತ್ತೆ ಒತ್ತಿದಳು. ಮತ್ತೆ ಅಲ್ಲೇ ನಿಂತಿತು. ಕಡತದ ಅಳತೆ ತೆಗೆದು ನೋಡಿದಳು: ಸರಿಯಾಗಿ ನಾಲ್ಕು ಜಿ.ಬಿ. ನೀಲಿ ಡಿಸ್ಕು ತನಗೆ ಹಿಡಿಯುವಷ್ಟನ್ನು ಹಿಡಿದು ಮಿಕ್ಕದ್ದನ್ನು ಬಿಟ್ಟಿತ್ತು. ಬಿಡುವ ಮುನ್ನ ಹೇಳಿಯೂ ಇತ್ತು. ಟಣ್ ಎಂದಿತ್ತು, ಚೌಕ ತೋರಿಸಿತ್ತು. ಅವಳು ಬಾಗಿಲ ಕಡೆ ನೋಡಿಕೊಂಡು ಓಕೆ ಒತ್ತಿದ್ದಳು. ನಾಲ್ಕು ಜಿ.ಬಿ.ಯ ಕಟ್ಟಳೆ ಬಾಯಿಪಾಠವಾಗಿದ್ದವಳು, ಒಂದೇ ಒಂದು ತುಂಡನ್ನು ಪ್ರೀತಿಯಿಂದ ಕತ್ತರಿಸದೆ ಬಿಟ್ಟಿದ್ದಳು. ಆ ತುಂಡೇ ಹೋಯಿತು. ಕ್ಯಾಸೆಟ್ಟಿನ ಮೇಲೆ ಎಂದೋ ಬೇರೆ ಮದುವೆ ಹತ್ತಿತ್ತು. ಮ್ಯಾಕ್ ಡಿಸ್ಕಿನಲ್ಲಿ ಪೂರ್ತಿ ಇತ್ತು. ಅದನ್ನು ತಾನೇ ಕೈಯಾರೆ ಅವನಿಗೆ ಕೊಟ್ಟು ಅಳಿಸಲು ಬಿಟ್ಟಿದ್ದಳು.

"ಮುಂದೆ?" ಎಂದ ಇಂದುಧರ.

"ಮುಂದೆ ಇಲ್ಲ."

"ಇಲ್ಲ ಅಂದ್ರೆ?"

"ನಾನೂ ಓದದೆ ಒತ್ತಿದೆ" ಎಂದಳು. ಕೆಂಚಯ್ಯ ಮುಖ ತಿರುಗಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತ. ತಾಯಿಯ ಹಾಡು ಕೇಳುತ್ತೇನೆಂದು ಅವನೂ ಕಿವಿಯ ಮಫ್ಲರ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಇಂದುಧರ ನಿಂತುಹೋದ ಚಿತ್ರದ ಕಡೆಗೆ ಬಗ್ಗಿದ. ಆಮೇಲೆ ನಿಧಾನವಾಗಿ, ತನ್ನಷ್ಟಕ್ಕೇ ಹೇಳಿಕೊಳ್ಳುವಂತೆ, "ಬಾಗ್ಲಾಗೆ ನಿಂತೋನೆ ಬಾರಪ್ಪ ಬಾರೋ" ಎಂದ. "ಇದೇ ಅಲ್ವಾ? ನಂಗೆ ಬತ್ತದೆ. ನಾಲ್ಕು ನುಡಿ. ನಾನು ಹೈಸ್ಕೂಲಿಗೆ ಹೋಗೋಗಂಟ ಅವ್ವ ದಿನಾ ಹೇಳೋಳು. ಎಲ್ಲಿಂದ ಬಂತು ಅಂತ ಗೊತ್ತಿರಲಿಲ್ಲ."

ಮೀನಾಕ್ಷಿ ಅವನ ಕುರ್ಚಿಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. "ಹೇಳಿ ಸಾರ್" ಎಂದಳು. "ಒಂದೇ ಒಂದ್ಸಲ. ಕ್ಯಾಮೆರಾ ತರ್ತೀನಿ, ಇರಿ."

ಇಂದುಧರ ಅವಳನ್ನು ನೋಡಿದ. ಮೂರು ವರ್ಷ ಅವಳ ಅಂಗಡಿಯ ಮುಂದೆ ನಿಂತು ಹೋದವನು ಅವನು. ಎದ್ದ. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಂಡ.

"ಹೇಳಲ್ಲ" ಎಂದ.

ಮೀನಾಕ್ಷಿ ಮಾರನೆಯ ದಿನವೇ ನಾಲ್ಕರ ಕಟ್ಟಳೆಯಿಲ್ಲದ ಹೊಸ ಡಿಸ್ಕೊಂದನ್ನು ಸಿದ್ಧಮಾಡಿಕೊಂಡು, ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಪೇಟೆಬೀದಿಯ ಸ್ಟುಡಿಯೋದ ಮುಂದೆ ನಿಂತಳು. ಇಂದುಧರ ತಲೆ ಎತ್ತದೆ "ನಾಳೆ ಬಾ" ಎಂದ. ಅವಳು ಮಾರನೆಯ ದಿನವೂ ಹೋದಳು.